ಯಜಮಾನರು ನೋಡುವ ಮೊದಲು ಬಂದ ತಿಮಿಂಗಿಲ

ನನ್ನ ಗಂಡನಿಗೆ ಸ್ವಂತ ಕಣ್ಣುಗಳಿವೆ, ಅವುಗಳ ಮೇಲೆ ಕನ್ನಡಕವೂ ಇದೆ. ಆದರೆ ಏನನ್ನಾದರೂ ನೋಡಿ 'ಚೆನ್ನಾಗಿದೆ' ಎಂದು ಅವರು ತಾವಾಗಿ ಹೇಳಿದ್ದನ್ನು ಮದುವೆಯಾದಾಗಿನಿಂದ ನಾನು ಕೇಳಿಲ್ಲ. ಕಿಟಕಿಗೆ ಹೊಸ ಪರದೆ ಹಾಕಿ, "ಹೇಗಿದೆ ರೀ?" ಎಂದರೆ, "ಯಾರಾದ್ರೂ ಬಂದು ನೋಡಿದ್ರಾ? ಏನಂದ್ರು?" ಎನ್ನುತ್ತಾರೆ. ಮಗಳು ಹುಟ್ಟಿದ ದಿನ ತೊಟ್ಟಿಲ ಪಕ್ಕ ನಿಂತು ಮಗುವನ್ನು ಬಿಟ್ಟು ನರ್ಸಮ್ಮನ ಮುಖ ನೋಡಿದ ಮಹಾನುಭಾವರು. ನರ್ಸಮ್ಮ ನಕ್ಕ ಮೇಲೆ ಇವರೂ ನಕ್ಕರು.

ಇದಕ್ಕೆಲ್ಲ ಕಾರಣ ಆ ಕಾರ್ಖಾನೆ. ನೆಲಕ್ಕೆ, ಗೋಡೆಗೆ ಹಾಕುವ ಟೈಲ್ಸ್ ಮಾಡುವ ಕಾರ್ಖಾನೆ ಅದು. ಇವರು ಅಲ್ಲಿ ಡಿಸೈನ್ ವಿಭಾಗದ ಮುಖ್ಯಸ್ಥರು. ಅಲ್ಲಿ ಮೊದಲಿನಿಂದಲೂ ಒಂದು ಪದ್ಧತಿ ಇದೆ. ಹೊಸ ಡಿಸೈನಿನ ಮೊದಲ ಟೈಲು ಭಟ್ಟಿಯಿಂದ ಹೊರಬಂದ ಕೂಡಲೇ ಅದರ ಮೇಲೆ ಬಿಳಿ ಬಟ್ಟೆ ಮುಚ್ಚುತ್ತಾರೆ. ಅದನ್ನು ಮೊದಲು ನೋಡಬೇಕಾದವರು ಕಾರ್ಖಾನೆಯ ಯಜಮಾನರು. ಅವರು ಬಟ್ಟೆ ಸರಿಸಿ, "ಚೆನ್ನಾಗಿದೆ" ಎಂದ ಮೇಲಷ್ಟೇ ಉಳಿದವರಿಗೆ ಅದು ಕಣ್ಣಿಗೆ ಬೀಳಬಹುದು. ತಿಂಗಳುಗಟ್ಟಲೆ ಕೂತು ಅದರ ಚಿತ್ರ ಬರೆದ ನನ್ನ ಗಂಡನೂ ಆಗಲೇ ಹುಬ್ಬೇರಿಸಿ "ಓಹೋ!" ಎನ್ನಬೇಕು. ಇಕ್ಕಳದಿಂದ ಹಿಡಿದು ಅದನ್ನು ತೆಗೆಯುವವನು ಕೂಡ ಮುಖ ಆಚೆ ತಿರುಗಿಸಿಕೊಂಡೇ ತೆಗೆಯಬೇಕು. ಒಮ್ಮೆ ಹಾಗೆ ತೆಗೆಯಲು ಹೋಗಿ ಕಾಲ ಮೇಲೆ ಬೀಳಿಸಿಕೊಂಡನಂತೆ. ಕಾಲ ಮೇಲೆ ಏನು ಬಿತ್ತು ಎಂದು ಡಾಕ್ಟರು ಕೇಳಿದರೆ, "ಯಜಮಾನರು ಇನ್ನೂ ನೋಡಿಲ್ಲ ಸಾರ್" ಎಂದನಂತೆ.

ಚಳಿಗಾಲದಲ್ಲಿ ಭಟ್ಟಿ ಆರಿಸಿ ರಿಪೇರಿ ಮಾಡುತ್ತಾರೆ. ಈ ಸಲ ಆ ರಜೆಯಲ್ಲಿ ಎಲ್ಲ ವಿಭಾಗದ ಮುಖ್ಯಸ್ಥರೂ ಹೆಂಡಂದಿರ ಸಮೇತ ಸಮುದ್ರ ತೀರದ ರೆಸಾರ್ಟಿಗೆ ಬರಬೇಕು, ಬಂದು ಕಡ್ಡಾಯವಾಗಿ ಆರಾಮ ಮಾಡಬೇಕು ಎಂದು ಯಜಮಾನರ ಅಪ್ಪಣೆಯಾಯಿತು. ಹಳೆಯ ಮ್ಯಾನೇಜರು ನಿವೃತ್ತರಾಗಿ ಆ ಕುರ್ಚಿ ಖಾಲಿ ಬಿದ್ದಿತ್ತು. ಅದರಲ್ಲಿ ಯಾರು ಕೂರುತ್ತಾರೆ ಎಂಬುದನ್ನೂ ಅಲ್ಲಿಯೇ ಹೇಳುತ್ತಾರೆ ಎಂದು ಸುದ್ದಿ. ಪೈಪೋಟಿ ಇಬ್ಬರ ನಡುವೆ: ಒಬ್ಬರು ನನ್ನ ಗಂಡ, ಇನ್ನೊಬ್ಬರು ಪ್ಯಾಕಿಂಗ್ ವಿಭಾಗದ ಮುಖ್ಯಸ್ಥರು. ಈ ಎರಡನೆಯವರನ್ನು ಕಾರ್ಖಾನೆಯಲ್ಲಿ ಎಲ್ಲರೂ ಕರೆಯುವುದು 'ಹೌದಪ್ಪ' ಎಂದೇ. ಯಜಮಾನರು ಬಾಯಿ ತೆರೆಯುವ ಮೊದಲೇ ಹೌದು ಎನ್ನುವುದರಲ್ಲಿ ಅವರನ್ನು ಮೀರಿಸಿದವರಿಲ್ಲ.

ಮ್ಯಾನೇಜರ್ ಹೆಂಡತಿ ಆಗುವ ಆಸೆ ನನಗಿರಲಿಲ್ಲ ಎಂದರೆ ನಾಲಿಗೆಗೆ ಹುಳ ಬಿದ್ದೀತು. ಮ್ಯಾನೇಜರ್ ಕ್ವಾರ್ಟರ್ಸಿನಲ್ಲಿ ಬಚ್ಚಲುಮನೆಯೇ ನಮ್ಮ ಈಗಿನ ಅಡುಗೆಮನೆಯಷ್ಟು ದೊಡ್ಡದು. ಆದರೆ ಅದಕ್ಕಿಂತ ದೊಡ್ಡ ಆಸೆ ಒಂದಿತ್ತು. ರೆಸಾರ್ಟಿನವರು ಕಳಿಸಿದ ಬಣ್ಣದ ಕಾಗದದಲ್ಲಿ ತಿಮಿಂಗಿಲದ ಚಿತ್ರವಿತ್ತು. ಚಳಿಗಾಲದಲ್ಲಿ ಅವು ಮರಿಗಳ ಜೊತೆ ಆ ತೀರದ ಹತ್ತಿರ ಬರುತ್ತವಂತೆ, ದೋಣಿಯಲ್ಲಿ ಕರೆದುಕೊಂಡು ಹೋಗಿ ತೋರಿಸುತ್ತಾರಂತೆ. ನಾವಿಬ್ಬರೂ ಅಕ್ಕಪಕ್ಕ ನಿಂತು ಅದನ್ನು ನೋಡಬೇಕು, ನೋಡಿದ ಮೇಲೆ ಇವರು ಯಾರ ಮುಖವನ್ನೂ ನೋಡದೆ ನನಗೊಂದು ಮಾತು ಹೇಳಬೇಕು. ಅಷ್ಟೇ ನನ್ನ ಆಸೆ. ತಿಮಿಂಗಿಲದ ಎದುರಿಗೂ ಸ್ವಂತ ಮಾತು ಹೊರಡದಿದ್ದರೆ ಈ ಮನುಷ್ಯನ ಬಾಯಿಂದ ಇನ್ನು ಯಾವತ್ತೂ ಹೊರಡುವುದಿಲ್ಲ ಎಂದು ನನಗೆ ಅನಿಸಿಬಿಟ್ಟಿತ್ತು.

"ತಿಮಿಂಗಿಲ ಹೇಗಿದೆ ಅಂತ ನೀವೇ ಹೇಳ್ಬೇಕು, ಗೊತ್ತಾಯ್ತಾ?" ಎಂದೆ ಬಟ್ಟೆ ಜೋಡಿಸುತ್ತಾ.

"ಆಯ್ತು ಬಿಡು, ಹೇಳ್ತೀನಿ" ಎಂದರು. ಆಮೇಲೆ, "ಸ್ವೆಟರ್ ಯಾವ ಬಣ್ಣದ್ದು ಹಾಕ್ಕೊಳ್ಳಲಿ? ಹೌದಪ್ಪ ಯಾವುದು ತರ್ತಾರೋ ಗೊತ್ತಾ?" ಎಂದು ಕೇಳಿದರು.

ರೆಸಾರ್ಟಿನ ಬಗ್ಗೆ ಏನು ಹೇಳಲಿ! ಹಾಸಿಗೆಯ ಮೇಲೆ ಟವೆಲ್ಲನ್ನು ಹಂಸದ ಹಾಗೆ ಮಡಚಿಟ್ಟಿದ್ದರು. ಮೈ ಒರೆಸಿಕೊಳ್ಳಬೇಕಾದರೆ ಮೊದಲು ಅದರ ಕತ್ತು ಹಿಸುಕಬೇಕು. ನೂರು ಹೆಜ್ಜೆ ಆಚೆಗೆ ಸಮುದ್ರ ಭೋರ್ಗರೆಯುತ್ತಿದ್ದರೂ ಊಟದ ಹಾಲ್‌ನಲ್ಲಿ ಕಿಟಕಿ ಮುಚ್ಚಿ, ಸ್ಪೀಕರಿನಲ್ಲಿ ಅಲೆಗಳ ಸದ್ದು ಹಾಕಿದ್ದರು. ಅಲೆಗಳ ಸದ್ದು ಜೋರಾಯಿತೆಂದು ಯಾರೋ ದೂರು ಕೊಟ್ಟದ್ದಕ್ಕೆ ಸಮುದ್ರದ ಕಡೆಯ ಕಿಟಕಿಗೆ ಇನ್ನೊಂದು ಗಾಜು ಬೇರೆ ಕೂರಿಸಿದ್ದರು. ಸಮವಸ್ತ್ರ ತೊಟ್ಟ ಹುಡುಗಿಯೊಬ್ಬಳು ದಿನಕ್ಕೆರಡು ಸಲ ಬಂದು, "ರಿಲ್ಯಾಕ್ಸ್ ಆಗ್ತಾ ಇದೀರಾ?" ಎಂದು ವಿಚಾರಿಸುತ್ತಿದ್ದಳು. ಇಲ್ಲ ಎಂದರೆ ಎಲ್ಲಿ ಎಬ್ಬಿಸಿ ನಿಲ್ಲಿಸುತ್ತಾಳೋ ಎಂಬಂತೆ ನಮ್ಮವರೆಲ್ಲ ಒಟ್ಟಿಗೆ ತಲೆಯಾಡಿಸುತ್ತಿದ್ದರು.

ಮರಳಿನ ಮೇಲೆ ಉದ್ದನೆಯ ಕುರ್ಚಿಗಳಿದ್ದವು. ಬೇರೆ ಅತಿಥಿಗಳು ಅವನ್ನು ಹೇಗೆ ಬೇಕೋ ಹಾಗೆ ಎಳೆದುಕೊಂಡು ಬಿದ್ದುಕೊಂಡಿದ್ದರು. ನಮ್ಮವರು ಮಾತ್ರ ಹುದ್ದೆಯ ಪ್ರಕಾರ ಸಾಲು ಹಾಕಿದರು. ಎಲ್ಲಕ್ಕಿಂತ ಮುಂದೆ ಯಜಮಾನರು, ಅವರ ಹಿಂದೆ ನಾವು ಮತ್ತು ಹೌದಪ್ಪ ದಂಪತಿ, ನಮ್ಮ ಹಿಂದೆ ಉಳಿದವರು. ಆದ್ದರಿಂದ ಮೊದಲ ದಿನ ನಾನು ಸಮುದ್ರ ನೋಡಲಿಲ್ಲ, ಯಜಮಾನರ ನುಣ್ಣನೆಯ ತಲೆ ನೋಡಿದೆ. ನನ್ನ ಹಿಂದಿನವರು ನನ್ನ ತುರುಬು ನೋಡಿದರು. ಚಳಿಗಾಳಿಗೆ ಹಲ್ಲು ಕಟಕಟ ಎನ್ನುತ್ತಿದ್ದರೂ ಯಜಮಾನರು ಏಳುವವರೆಗೆ ಯಾರೂ ಏಳುವಂತಿಲ್ಲ. ಯಜಮಾನರಿಗೆ ಅಲ್ಲೇ ನಿದ್ದೆ ಹತ್ತಿತ್ತು.

ಮಾರನೆಯ ದಿನ ಬೆಳಿಗ್ಗೆ ದೋಣಿ ಹತ್ತಿದೆವು. ಮಧ್ಯದಲ್ಲಿ ಪುಟ್ಟ ಕ್ಯಾಬಿನ್ ಇದ್ದ ಮೋಟಾರು ದೋಣಿ. ದಡ ಬಿಟ್ಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಯಜಮಾನರ ಮುಖ ಬಿಳಿಚಿಕೊಂಡಿತು. ಹೊಟ್ಟೆ ತೊಳಸಿ, ಬಕೆಟ್ ತಬ್ಬಿಕೊಂಡು ಕ್ಯಾಬಿನ್ ಒಳಗೆ ಮಲಗಿಬಿಟ್ಟರು. ಕಣ್ಣಿಗೆ ಬಿಸಿಲು ಬೀಳಬಾರದೆಂದು ಹೌದಪ್ಪ ಓಡಿಹೋಗಿ ಕ್ಯಾಬಿನ್ ಕಿಟಕಿಯ ಕಪ್ಪು ಪರದೆ ಎಳೆದರು. ಆ ಪುಣ್ಯದ ಕೆಲಸ ತನಗೆ ತಪ್ಪಿತಲ್ಲ ಎಂದು ನನ್ನ ಗಂಡ ಕೈ ಕೈ ಹಿಸುಕಿಕೊಂಡರು.

ಇಂಜಿನ್ ಆರಿಸಿ ಕಾಯುತ್ತಾ ನಿಂತೆವು. ಆಗ ಬಂತು.

ಮೊದಲು ನೀರು ಸುಮ್ಮನಾಯಿತು. ಆಮೇಲೆ ದೋಣಿಯ ಪಕ್ಕದಲ್ಲೇ, ಕೈಚಾಚಿದರೆ ಸಿಗುವಷ್ಟು ಹತ್ತಿರ, ಕಪ್ಪು ಬೆನ್ನೊಂದು ಏಳತೊಡಗಿತು. ಎದ್ದೇ ಎದ್ದಿತು, ಮುಗಿಯುವ ಲಕ್ಷಣವೇ ಇಲ್ಲ. ಅದು ಬಿಟ್ಟ ಉಸಿರು ನಮ್ಮೆಲ್ಲರ ತಲೆಯ ಮೇಲೆ ಹನಿಯಾಗಿ ಬಿತ್ತು. ಪಕ್ಕದಲ್ಲಿ ಒಂದು ಮರಿ. ನನಗೆ ಅಳು ಬಂತು. ಯಾಕೆಂದು ಕೇಳಿದರೆ ಈಗಲೂ ಹೇಳಲಾರೆ, ಎದೆ ತುಂಬಿ ಬಂದಿತ್ತು ಅಷ್ಟೇ.

"ನೋಡಿ ರೀ!" ಎಂದು ತಿರುಗಿದೆ. ನೋಡುತ್ತೇನೆ, ಟೈಲ್ಸ್ ಕಾರ್ಖಾನೆ ಇಡಿಯಾಗಿ ತಿಮಿಂಗಿಲಕ್ಕೆ ಬೆನ್ನು ತಿರುಗಿಸಿ ನಿಂತಿದೆ.

"ಯಾರೂ ನೋಡ್ಬೇಡಿ! ಯಜಮಾನರು ಇನ್ನೂ ನೋಡಿಲ್ಲ!" ಎಂದು ಹೌದಪ್ಪ ಪಿಸುದನಿಯಲ್ಲೇ ಕಿರುಚುತ್ತಿದ್ದರು. ಅವರು ಎರಡೂ ಕೈಗಳಿಂದ ಕಣ್ಣು ಮುಚ್ಚಿಕೊಂಡಿದ್ದರು. ಅವರ ಹೆಂಡತಿ ಸೆರಗು ಮುಖಕ್ಕೆ ಎಳೆದುಕೊಂಡಿದ್ದರು. ಲೆಕ್ಕಪತ್ರ ವಿಭಾಗದ ಮುಖ್ಯಸ್ಥರು ತಮ್ಮ ಬೂಟು ನೋಡಿಕೊಳ್ಳುತ್ತಿದ್ದರು. ನನ್ನ ಗಂಡ ಕ್ಯಾಬಿನ್ ಕಿಟಕಿಗೆ ಮೂಗು ತಾಗುವಷ್ಟು ಹತ್ತಿರ, ಕೈಕಟ್ಟಿ ನಿಂತಿದ್ದರು.

ದೋಣಿಯವನು ಕಕ್ಕಾಬಿಕ್ಕಿಯಾದ. "ಏನ್ರೀ ಇದು? ಆ ಕಡೆ ಏನೂ ಇಲ್ಲ. ಈ ಕಡೆ ನೋಡಿ, ಈ ಕಡೆ!"

"ಸ್ವಲ್ಪ ಹೊತ್ತು ನಿಲ್ಸೋಕಾಗುತ್ತಾ ಅದನ್ನ?" ಎಂದು ಹೌದಪ್ಪ ಕಣ್ಣು ಮುಚ್ಚಿಕೊಂಡೇ ಕೇಳಿದರು. ಆಮೇಲೆ ಹಾಗೆಯೇ ತಡಕಾಡುತ್ತಾ ಹೋಗಿ ಕ್ಯಾಬಿನ್ ಬಾಗಿಲು ತಟ್ಟಿದರು. "ಯಜಮಾನರೇ, ತಮಗೋಸ್ಕರ ಬಂದಿದೆ. ಹೊರಗೆ ಕಾಯ್ತಾ ಇದೆ."

"ಕಾಯೋಕೆ ಹೇಳಿ" ಎಂದು ಒಳಗಿನಿಂದ ನರಳುವ ದನಿ ಬಂತು. ಬೆನ್ನಿಗೇ ಬಕೆಟ್ಟಿನ ಸದ್ದೂ ಬಂತು.

ನಾನು ಗಂಡನ ತೋಳು ಹಿಡಿದು ಜಗ್ಗಿದೆ. "ರೀ, ಒಂದೇ ಒಂದು ಸಲ ತಿರುಗಿ. ನಿಮ್ಮ ದಮ್ಮಯ್ಯ."

"ಸುಮ್ನಿರು. ಕುರ್ಚಿ ಹೋಗುತ್ತೆ" ಎಂದರು. ಅವರ ಕುತ್ತಿಗೆಯ ಮೇಲೆ ತಿಮಿಂಗಿಲದ ಉಸಿರಿನ ನೀರು ಇಳಿಯುತ್ತಿತ್ತು. ಅದನ್ನು ಒರೆಸಿಕೊಳ್ಳಲೂ ಇಲ್ಲ.

ನನಗೆ ಪಿತ್ತ ನೆತ್ತಿಗೇರಿತು. ತೋಳು ಬಿಟ್ಟು ಒಬ್ಬಳೇ ಕಟಾಂಜನಕ್ಕೆ ಒರಗಿ ನೋಡಿದೆ. ಅದು ಮುಳುಗುವಾಗ ಬಾಲವನ್ನು ಆಕಾಶಕ್ಕೆ ಎತ್ತಿತು. ಎಡಗಡೆಯ ಅಂಚಿನಲ್ಲಿ ಯಾರೋ ಕಚ್ಚಿಕೊಂಡು ಹೋದಂತೆ ಒಂದು ತುಣುಕು ಇರಲಿಲ್ಲ. ಪಾಪ, ಯಾವ ಜಗಳದಲ್ಲಿ ಹೋಯಿತೋ. ಬಾಲ ನಿಧಾನವಾಗಿ ಒಳಗಿಳಿಯಿತು. ನೀರು ಮುಚ್ಚಿಕೊಂಡಿತು.

ಎಲ್ಲ ಮುಗಿದ ಮೇಲೆ ಯಜಮಾನರು ಬಾಗಿಲು ಹಿಡಿದುಕೊಂಡು ಹೊರಬಂದರು. ಹಡಗುಗಳಿಗೆ ದಾರಿ ಗೊತ್ತಾಗಲೆಂದು ದೂರದಲ್ಲಿ ಕಿತ್ತಳೆ ಬಣ್ಣದ ಪೀಪಾಯಿಯೊಂದನ್ನು ತೇಲಿಬಿಟ್ಟಿದ್ದರು. ಅಲೆಗೆ ಅದು ಮುಳುಗಿ ಎದ್ದು ಮಾಡುತ್ತಿತ್ತು. ಯಜಮಾನರು ಕಣ್ಣು ಕಿರಿದು ಮಾಡಿ ಅದನ್ನು ನೋಡಿದರು.

"ಅದೋ! ಚೆನ್ನಾಗಿದೆ" ಎಂದರು.

ಎಲ್ಲರೂ ಒಟ್ಟಿಗೆ ತಿರುಗಿದರು. "ಓಹೋ!" ಎಂಬ ಉದ್ಗಾರ, ಚಪ್ಪಾಳೆ. ದೋಣಿಯವನು, "ಸಾರ್, ಅದು ಪೀಪಾ..." ಎನ್ನುವಷ್ಟರಲ್ಲಿ ಲೆಕ್ಕಪತ್ರದವರು ಅವನ ಬಾಯಿಗೆ ಬಿಸ್ಕತ್ತು ತುರುಕಿದರು. ಹೌದಪ್ಪ ಮಾತ್ರ ಇನ್ನೂ ಕಣ್ಣು ಮುಚ್ಚಿಕೊಂಡೇ ಚಪ್ಪಾಳೆ ತಟ್ಟುತ್ತಿದ್ದರು. ಅವರು ಕಣ್ಣು ಬಿಡುವಷ್ಟರಲ್ಲಿ ದೋಣಿ ತಿರುಗಿ, ಪೀಪಾಯಿ ಹಿಂದೆ ಉಳಿದಿತ್ತು.

ಸಂಜೆ ಊಟದ ಮೇಜಿನಲ್ಲಿ ಯಜಮಾನರು ಗಂಟಲು ಸರಿಮಾಡಿಕೊಂಡರು. "ನಮ್ಮ ಮುಂದಿನ ಡಿಸೈನ್ ತಿಮಿಂಗಿಲ. ಬಚ್ಚಲುಮನೆಗೆ ಹೇಳಿ ಮಾಡಿಸಿದ ಹಾಗಿರುತ್ತೆ. ಎಲ್ಲರೂ ನೋಡಿದ್ರಲ್ಲ, ಹೇಗಿತ್ತು ಹೇಳಿ."

"ಕಪ್ಪಗೆ, ಮಿರಮಿರ ಅಂತ ಮಿಂಚ್ತಾ ಇತ್ತು, ಯಜಮಾನರೇ!" ಎಂದು ಹೌದಪ್ಪ ಎಲ್ಲರಿಗಿಂತ ಮೊದಲು ಬಾಯಿ ಹಾಕಿದರು. ಪಾಪ, ಬಣ್ಣದ ಕಾಗದದ ಚಿತ್ರ ನೆನಪಿಟ್ಟುಕೊಂಡು ಹೇಳಿದ್ದರು. ಜೀವಮಾನದಲ್ಲಿ ಅವರಾಡಿದ ಮೊದಲ ನಿಜ ಅದೇ ಇರಬೇಕು.

ಯಜಮಾನರ ಹುಬ್ಬು ಗಂಟಿಕ್ಕಿತು. "ಕಪ್ಪಾ?" ಎಂದು ನನ್ನ ಗಂಡನ ಕಡೆ ತಿರುಗಿದರು. "ಡಿಸೈನ್‌ನವರೇ, ನೀವು ಹೇಳಿ."

ನನ್ನ ಗಂಡ ಒಂದು ಕ್ಷಣ ತಟ್ಟೆ ನೋಡಿದರು. ನನ್ನ ಕಡೆ ನೋಡಲಿಲ್ಲ. "ತಮಗೆ ಕಂಡ ಹಾಗೇ ನನಗೂ ಕಂಡಿತು, ಯಜಮಾನರೇ. ಕಿತ್ತಳೆ ಬಣ್ಣ. ಗುಂಡಗಿತ್ತು."

"ಚೆನ್ನಾಗಿದೆ" ಎಂದರು ಯಜಮಾನರು. ಮ್ಯಾನೇಜರ್ ಯಾರೆಂಬುದು ಆ ಮಾತಿನಲ್ಲೇ ತೀರ್ಮಾನವಾಯಿತು. ಸ್ಪೀಕರಿನಲ್ಲಿ ಅಲೆಗಳು ಬಡಿಯುತ್ತಿದ್ದವು. ನಾನು ಬಾಯಿ ತೆರೆದಿದ್ದರೆ ಅಲ್ಲೇ ಎಲ್ಲವೂ ಮಣ್ಣುಪಾಲಾಗುತ್ತಿತ್ತು. ದೊಡ್ಡ ಬಚ್ಚಲುಮನೆ ನೆನೆದು ನಾನೂ ತುಟಿ ಪಿಟಕ್ ಎನ್ನಲಿಲ್ಲ.

ರೂಮಿಗೆ ಬಂದ ಮೇಲೆ ಕೇಳಿದೆ. "ನಿಜವಾಗ್ಲೂ ನೋಡಲೇ ಇಲ್ವಾ?"

"ಬೆನ್ನು ತಿರುಗಿಸಿ ನಿಂತಿದ್ದೆನಲ್ಲ, ಹೇಗೆ ನೋಡ್ಲಿ?" ಎಂದು ದೀಪ ಆರಿಸಿದರು.

ಅವತ್ತೇ ನಿಶ್ಚಯ ಮಾಡಿಕೊಂಡೆ, ಅದು ಹೇಗಿತ್ತೆಂದು ಈ ಮನುಷ್ಯನಿಗೆ ಒಂದು ಅಕ್ಷರವೂ ಹೇಳಬಾರದು. ಅವರೂ ಕೇಳಲಿಲ್ಲ. ಮಗಳಿಗೂ ನಾನು ತಿಮಿಂಗಿಲ ನೋಡಿದೆ ಎಂದಷ್ಟೇ ಹೇಳಿದೆ, ಬಾಲದ ವಿಷಯ ನನ್ನಲ್ಲೇ ಇಟ್ಟುಕೊಂಡೆ.

ಈಗ ನಾವು ಕ್ವಾರ್ಟರ್ಸಿನಲ್ಲಿದ್ದೇವೆ. ಬಚ್ಚಲುಮನೆಯ ನಾಲ್ಕೂ ಗೋಡೆಗೆ 'ತಿಮಿಂಗಿಲ' ಟೈಲ್ಸ್ ಹಾಕಿಸಿದ್ದಾರೆ. ನೆಲದಿಂದ ಸೂರಿನವರೆಗೆ ಕಿತ್ತಳೆ ಪೀಪಾಯಿಗಳು, ಒಂದೊಂದಕ್ಕೂ ನಗುವ ಬಾಯಿ. ನೆಂಟರು ಬಂದು ನೋಡಿ ಇದೇನೆಂದು ಕೇಳುತ್ತಾರೆ. ತಿಮಿಂಗಿಲ ಎಂದರೆ, "ಓಹೋ!" ಎನ್ನುತ್ತಾರೆ. ವ್ಯಾಪಾರ ಬಹಳ ಚೆನ್ನಾಗಿದೆಯಂತೆ.

ಮೊನ್ನೆ ಬೆಳಿಗ್ಗೆ ಇವರು ಸ್ನಾನಕ್ಕೆ ಹೋಗಿ ಬಹಳ ಹೊತ್ತಾಗಿತ್ತು. ಬಾಗಿಲು ಸುಮ್ಮನೆ ಮುಂದೆ ಮಾಡಿತ್ತು ಅಷ್ಟೇ, ಟವೆಲ್ ಕೊಡೋಣವೆಂದು ತಳ್ಳಿದೆ. ಪಂಚೆ ಸುತ್ತಿಕೊಂಡು ಕನ್ನಡಿಯ ಮುಂದೆ ನಿಂತಿದ್ದರು. ಬಿಸಿನೀರಿನ ಆವಿ ಕೂತು ಮಬ್ಬಾದ ಕನ್ನಡಿಯ ಮೇಲೆ ಬೆರಳಿನಿಂದ ಏನೋ ಬರೆಯುತ್ತಿದ್ದರು. ಉದ್ದನೆಯ ಬೆನ್ನು, ಪಕ್ಕದಲ್ಲಿ ಮರಿ, ಮೇಲೆತ್ತಿದ ಬಾಲ. ಬಾಲದ ಒಂದು ಅಂಚಿನಲ್ಲಿ ತುಣುಕು ಕಿತ್ತುಹೋಗಿತ್ತು.

ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಆದರೆ ತುಣುಕು ಕಿತ್ತುಹೋದದ್ದು ಎಡಗಡೆ, ಇವರು ಬರೆದದ್ದು ಬಲಗಡೆ. ತಪ್ಪಾಗಿದೆಯಲ್ಲ ಎಂದುಕೊಳ್ಳುತ್ತಿರುವಾಗಲೇ ಆ ಕ್ಯಾಬಿನ್ ಕಿಟಕಿ ಕಣ್ಣ ಮುಂದೆ ಬಂತು. ಹಿಂದೆ ಕಪ್ಪು ಪರದೆ ಎಳೆದಿದ್ದ ಆ ಗಾಜು ಬಿಸಿಲಿಗೆ ಕನ್ನಡಿಯೇ ಆಗಿತ್ತು. ಅದಕ್ಕೆ ಮೂಗು ಹಚ್ಚಿ ನಿಂತ ಮನುಷ್ಯನಿಗೆ ಎಡ ಬಲವಾಗಿ ಕಾಣದೆ ಇನ್ನೇನಾಗುತ್ತದೆ!

ಕಳ್ಳ. ನನ್ನ ಪಕ್ಕದಲ್ಲೇ ನಿಂತು ಎಲ್ಲವನ್ನೂ ನೋಡಿದ್ದಾರೆ. ನೋಡಿ, ನನ್ನ ಹತ್ತಿರವೂ ಇಲ್ಲವೆಂದಿದ್ದಾರೆ. ಸಿಟ್ಟೂ ಬಂತು, ಅಳುವೂ ಬಂತು. ಯಾವುದಕ್ಕೆ ಮೊದಲು ಜಾಗ ಕೊಡಬೇಕೋ ತಿಳಿಯಲಿಲ್ಲ.

"ತುಣುಕು ಹೋಗಿದ್ದು ಎಡಗಡೆ" ಎಂದೆ.

ಇವರು ಬೆಚ್ಚಿಬಿದ್ದು ಚಿತ್ರ ಒರೆಸಲು ಕೈಯೆತ್ತಿದರು. ನಾನು ಮಣಿಕಟ್ಟು ಹಿಡಿದುಕೊಂಡೆ. ಕನ್ನಡಿಯ ಮೇಲೆ ಬಾಲದಿಂದ ನೀರು ಇಳಿಯುತ್ತಿತ್ತು.

"ಹೇಗಿತ್ತು ರೀ?" ಎಂದೆ.

ಇವರು ನನ್ನ ಮುಖ ನೋಡಲಿಲ್ಲ. ಕೈ ಬಿಡಿಸಿಕೊಂಡು ಹೋಗಿ ಹೊರಗೊಮ್ಮೆ ಇಣುಕಿ ನೋಡಿದರು. ಬಾಗಿಲು ಮುಚ್ಚಿ, ಚಿಲಕ ಹಾಕಿ, ಅದು ಬಿದ್ದಿದೆಯೇ ಎಂದು ಎಳೆದು ನೋಡಿದರು. ಆಮೇಲೆ ನಗುವ ಕಿತ್ತಳೆ ಪೀಪಾಯಿಗಳ ನಡುವೆ ನಿಂತು, ಪಿಸುದನಿಯಲ್ಲಿ, "ಚೆನ್ನಾಗಿತ್ತು" ಎಂದರು.