ಸಂತಿ ಸೀನ್ ಬಿಟ್ಟು ನೋಡ್ರಿ

ಪ್ಲಾಸ್ಟರಿನೊಳಗ ಇರುವಿ ಹೊಕ್ಕೈತೋ ಏನೋ, ಮೊಣಕಾಲ ಕೆಳಗ ಸಣ್ಣಗ ಹರದಾಡಿದಂಗ ಆಗತೈತಿ, ಕಡ್ಡಿ ಹಾಕಿ ಕೆರಕೊಬ್ಯಾಡ್ರಿ ನಂದಾಬಾಯಿ, ಗಾಯ ಆದ್ರ ನನಗ ಬೈಬ್ಯಾಡ್ರಿ ಅಂದಾರ ಡಾಕ್ಟರು, ಸುಮ್ಮ ಕುಂತೀನಿ, ಬಾಗಲ ಸಂದಿಯಿಂದ ಬಿಸಲಿನ ಪಟ್ಟಿ ಬಂದು ಟಿವಿ ಮ್ಯಾಲ ಬಿದ್ದೈತಿ, ಇವರು ಅರವಿ ಅಂಗಡಿಗೆ ಹೋಗೂಮುಂದ ಬಾಗಲಾ ಎಳಕೊಂಡ ಹೋಗ್ರಿ ಅಂದಿದ್ದೆ, ಮರತಾರ, ಅಂಗಡಿ ನೆನಪಾದ್ರ ಅವರಿಗೆ ಮನಿ ನೆನಪ ಇರಂಗಿಲ್ಲ, ಆ ಬಿಸಲು ಈಗ ಸಂತಿ ಮಂದಿ ಮ್ಯಾಲ ಐತಿ, ಇನ್ನೊಂದೀಟ ಸರದ್ರ ಆಕಿ ಮಾರಿ ಮುಚ್ಚತೈತಿ, ಎದ್ದು ಬಾಗಲಾ ಹಾಕಬೇಕಂದ್ರ ಕಾಲಿಲ್ಲ — ನಿಲ್ಲಿಸಿಟ್ಟೀನಿ ಸಿನಿಮಾ, ರಿಮೋಟ್ ಕೈಯಾಗ ಬೆವತೈತಿ, ಮುಂದ ಓಡಸೂದು ನನಗ ಇನ್ನೂ ಬರಂಗಿಲ್ಲ, ನಿಲ್ಲಸೂದು ಮತ್ತ ಹಿಂದಕ ಒಯ್ಯೂದು ಈ ಹೊತ್ತ ಕಲ್ತೆ. ಎಲ್ಲಾ ಸೃಷ್ಟಿದ ಕೆಲಸ, ನಮ್ಮ ಅಣ್ಣ ಮಲ್ಲಿನಾಥನ ಮಗಳು, ಸಾಂಗ್ಲ್ಯಾಗ ಕಾಲೇಜಿನ್ಯಾಗ ಕಲಸತಾಳ, ನಾ ಬಚ್ಚಲದಾಗ ಜಾರಿಬಿದ್ದೆ ಅನ್ನೂದ ತಡಾ ಓಡಿಬಂದ್ಳು, ಟಿವಿಗೆ ಏನೇನೋ ಹಚ್ಚಿದ್ಳು, ಅತ್ತಿ, ಇಷ್ಟು ವರ್ಷ ಅಡಗಿಮನ್ಯಾಗ ನಿಂತು ನೀವು ಎಷ್ಟ ಸಿನಿಮಾ ಬಿಟ್ಟೀರಿ, ಕಾಲು ಕೂಡೂತನಕ ಎಲ್ಲಾ ನೋಡಿ ಮುಗಸ್ರಿ, ಯಾವದು ಚಲೋ ಅದಾವ ನಾ ಹೇಳತೀನಿ ಅಂದ್ಳು, ದಿನಾ ಫೋನ್ ಮಾಡಿ ಒಂದೊಂದು ಹೇಳತಾಳ, ಕೇರಳದ್ದೊಂದು ನೋಡ್ರಿ, ಮಾತು ತಿಳಿಯಂಗಿಲ್ಲ ಖರೆ ಅಳು ತಿಳಿತೈತಿ, ಪರದೇಶದ್ದೊಂದು ಐತಿ, ಕುರಿ ಕಾಯೋರ್ದು, ನಮ್ಮ ಕಡೆ ಧನಗರ ಮಂದಿ ಇದ್ದಂಗ ಅದಾರ, ರೊಟ್ಟಿ ಸೈತ ನಮ್ಮಂಗ ಬಡೀತಾರ — ನೋಡಿದೆ, ಅತ್ತೆ, ನಕ್ಕೆ, ಸಂಜಿಕ ಇವರು ಬಂದ್ರ ಕಥಿ ಹೇಳಿದೆ, ಹೂಂ ಹೂಂ ಅಂತ ಚಾ ಕುಡದ್ರು. ನಿನ್ನೆ ಅಂದ್ಳು, ಹಳೇ ಮರಾಠಿದೊಂದು ಐತಿ ಅತ್ತಿ, ಯಾರೂ ನೋಡಲಿಲ್ಲ ಅದನ್ನ, ಯಾವ ಟಾಕೀಜಿನ್ಯಾಗೂ ವಾರ ನಿಲ್ಲಲಿಲ್ಲಂತ, ಈಗ ಮನ್ಯಾಗ ನೋಡಾಕ ಸಿಗತೈತಿ, ಬಿಡಬ್ಯಾಡ್ರಿ, ಸಾಲಿ ಮಾಸ್ತರ ಒಬ್ಬಾಂವ ಜೇಲಿನಿಂದ ಊರಿಗೆ ಹೊಳ್ಳಿ ಬರತಾನ, ಯಾರೂ ಮಾತಾಡ್ಸಂಗಿಲ್ಲ, ಭಾಳ ಚಲೋ ತಗದಾರ, ನಡುವ ಒಂದು ಸಂತಿ ಸೀನ್ ಐತಿ, ಅದನ್ನ ಸುಮ್ಮ ಎಳದಾರ, ಅದೊಂದು ಬಿಟ್ಟು ನೋಡ್ರಿ. ಬಿಡೂದು ಹೆಂಗ ಅಂತ ಗೊತ್ತಿದ್ರ ಬಿಡತಿದ್ದೆ. ಮಾಸ್ತರ ಎಸ್‌ಟಿ ಬಸ್ಸಿನಿಂದ ಇಳದ, ಚೀಲಾ ಹೆಗಲಿಗೆ ಹಾಕ್ಕೊಂಡು ಸಂತ್ಯಾಗ ನಡದ, ಬದನಿಕಾಯಿ, ಹಗ್ಗ, ಮೆಣಸಿನಕಾಯಿ ರಾಶಿ, ಬಳಿ ಅಂಗಡಿ, ಮಂದಿ ಆ ಕಡೆ ಈ ಕಡೆ ಹೊಂಟಾರ, ಆ ಮಂದ್ಯಾಗ ಹಸರ ಸೀರಿ ಉಟ್ಟಾಕಿ ಒಬ್ಬಾಕಿ, ಬಗಲಾಗ ಕೂಸು, ಎಲ್ಲಾರೂ ನಡ್ಯಾಕತ್ತಾರ, ಆಕಿ ಒಬ್ಬಾಕಿನ ನಿಂತ್ಳು, ತಿರುಗಿ ನನ್ನ ನೋಡಿದ್ಳು, ನಕ್ಳು, ಕೂಸಿನ ಗದ್ದಾ ಹಿಡದು ಅದರ ಮಾರಿನೂ ನನ್ನ ಕಡೆ ತಿರುಗಿಸಿದ್ಳು. ಸಾವಿತ್ರೆವ್ವ ವೈನಿ. ನಮ್ಮ ಅಣ್ಣನ ಮೊದಲನೇ ಹೆಂಡ್ತಿ, ಸೃಷ್ಟಿನ ಹಡದಾಕಿ, ಸತ್ತಾಕಿ.

ಗುಂಡಿ ಒತ್ತಿ ನಿಲ್ಲಿಸಿಬಿಟ್ಟೆ, ಅಂಜಿಕಿ ಅಂತ ಅನ್ನಲೇನು, ದೆವ್ವ ಕಂಡ್ರ ಹಿಂಗ ಆಗತೈತೇನೋ, ಖರೆ ದೆವ್ವ ಹಿಂಗ ಹಲ್ಲು ಕಾಣೂಹಂಗ ನಗಂಗಿಲ್ಲ — ಆಮ್ಯಾಲ ಒಂದೊಂದ ನೆನಪಾತು, ಡಫಳಾಪುರ, ವೈನಿಯ ತವರಮನಿ, ನಂದಿನ್ನೂ ಲಗ್ನ ಆಗಿರಲಿಲ್ಲ, ಬಾ ನಂದಾ ನಾಕ ದಿನ ನಮ್ಮೂರಾಗ ಇದ್ದು ಬರೂಣು ಅಂತ ಬಾಲಗಾಂವದಿಂದ ನನ್ನೂ ಕರಕೊಂಡು ಹೋಗಿದ್ಳು, ಅಣ್ಣ ಬಿತ್ತಿಗಿ ಇತ್ತಂತ ಬರಲಿಲ್ಲ, ಊರಾಗ ಶೂಟಿಂಗ್ ನಡದಿತ್ತು, ಟೊಪಗಿ ಹಾಕ್ಕೊಂಡಾಂವ ಒಬ್ಬಾಂವ ಮನಿ ಮನಿಗೆ ಬಂದು ಸಂತಿ ಸೀನಿಗೆ ಹೆಣ್ಮಕ್ಕಳು ಬೇಕು ಬರ್ರಿ ಅಂತ ಕರದ, ವೈನಿ ಪೆಟ್ಟಿಗ್ಯಾಗಿನ ಹಸರ ಸೀರಿ ತಗದು ಉಟ್ಟು ಹೊಂಟ ನಿಂತ್ಳು, ಆ ಟೊಪಗಿಯಾಂವ ಮರಾಠ್ಯಾಗ ಎಷ್ಟ ಸರ್ತಿ ಹೇಳಿದ, ಅಕ್ಕಾ, ಬೇವಿನ ಗಿಡದಿಂದ ಬಳಿ ಅಂಗಡಿತನಕ ನಡೀರಿ, ಕ್ಯಾಮೆರಾ ಕಡೆ ಮಾತ್ರ ನೋಡಬ್ಯಾಡ್ರಿ, ಹೂಂ ಅಂದ್ವಿ, ನಡದ್ವಿ, ನಾ ನೆಲಾ ನೋಡಕೋತ ನಡದೆ, ಆಕಿ ನಿಂತು ನೋಡಿದ್ಳು. ಆಮ್ಯಾಲ ಎಷ್ಟು ನಕ್ವಿ, ನಿಂದು ಕತ್ತರಿಸಿ ಒಗಿತಾರ ನೋಡ ವೈನಿ ಅಂದೆ, ಕತ್ತರಿಸಿಲ್ಲ, ಸಂತ್ಯಾಗ ಯಾರು ಲಕ್ಷ್ಯ ಕೊಡತಾರ ಅಂತ ಬಿಟ್ಟಾರ, ಆಕಿ ಬಾಜೂಕ ಒಂದು ಮುಂಗೈ ಕಾಣತೈತಿ, ಕೆಂಪು ಬಳಿ, ಅದು ನಂದು, ಮಾರಿ ಹೊರಗ ಉಳದೈತಿ. ಅದ ವರ್ಷ ಮಳಿಗಾಲದಾಗ ಎಮ್ಮಿಗೆ ಮೇವು ತರಾಕ ಅಂತ ಕಣಕಿ ಬಣವಿಗೆ ಕೈ ಹಾಕಿದ್ಳು, ಹಾವು ಕಡೀತು, ಜೀಪಿನ್ಯಾಗ ಸಾಂಗ್ಲಿಗೆ ಅಂತ ಹೊಂಟ್ವಿ, ಜತ್ತ ದಾಟೂಮುಂದ ಆಕಿ ಕೈ ನನ್ನ ಕೈಯಾಗ ಇತ್ತು, ಆಮ್ಯಾಲ ಬರೇ ಕೈ ಅಷ್ಟ ಇತ್ತು. ಉಳದದ್ದು ಒಂದ ಫೋಟೋ, ರೇಶನ್ ಕಾರ್ಡಿಗಂತ ತಗಸಿದ್ದು, ಹುಬ್ಬು ಗಂಟ ಹಾಕಿ ನೆಟ್ಟಗ ನೋಡಾಕತ್ತಾಳ, ಅದನ್ನ ದೊಡ್ಡದ ಮಾಡಿಸಿ ಗ್ವಾಡಿಗೆ ಹಾಕ್ಯಾರ, ಅಣ್ಣ ಇಂದ್ರಾಬಾಯಿನ್ನ ಮಾಡಕೊಂಡ, ಇಂದ್ರಾ ವೈನಿ ಸೃಷ್ಟಿನ ಹೊಟ್ಟಿಗೆ ಹಾಕ್ಕೊಂಡು ಬೆಳಸಿದ್ಳು, ಅವ್ವಾ ಅಂದ್ರ ಸೃಷ್ಟಿಗೆ ಆಕಿನ, ಸುಳ್ಳಲ್ಲ ಅದು, ಆದ್ರೂ ಸಣ್ಣಾಕಿ ಇದ್ದಾಗ ಒಂದ ಸಲ ಫೋಟೋ ಕೆಳಗ ನಿಂತು ಕೇಳಿದ್ಳು, ಅತ್ತಿ, ನನ್ನ ಹಡದಾಕಿ ಭಾಳ ಸಿಟ್ಟಿನಾಕಿ ಇದ್ಳೇನ್ರಿ, ಇಲ್ಲ ಅಂದೆ, ನಂಬಲಿಲ್ಲ, ಫೋಟೋದ ಕಡೆ ಹೊಳ್ಳಿ ನೋಡಿದ್ಳು. ಈಗ ಆ ಹುಡುಗಿ ಈ ಸಿನಿಮಾ ನೋಡ್ಯಾಳ, ತನ್ನ ತಾಯಿನ್ನ ನೋಡ್ಯಾಳ, ಬಗಲಾಗಿನ ತನ್ನ ಮಾರಿನೂ ನೋಡ್ಯಾಳ, ನೋಡಿ, ಗುರ್ತ ಹತ್ತಲಾರದ, ಅದೊಂದು ಬಿಟ್ಟು ನೋಡ್ರಿ ಅಂತ ನನಗ ಹೇಳ್ಯಾಳ. ಹೇಳಲೇನು ಬಿಡಲೇನು, ಹೇಳಿದ್ರ ಇಂದ್ರಾ ವೈನಿ ಮನಸಿನ್ಯಾಗ ಏನಾಗತೈತಿ, ಹೇಳದಿದ್ರ ಈಕಿ ಹಿಂಗ ಈ ಸಂತ್ಯಾಗ ನಿಂತು ಕೂಸಿನ ಮಾರಿ ತಿರುಗಿಸಕೋತ, ಯಾರ ಮನ್ಯಾಗೋ, ಯಾರೋ ಉಣಕೋತ ಕುಂತಿರತಾರ, ಅವರ ಮುಂದ — ಬಿಸಲು ಸರೀತು, ಆಕಿ ಹೆಗಲ ಮುಚ್ಚೈತಿ.

ಗಾಡಿ ಸಪ್ಪಳ ಆತು, ಅಣ್ಣ ಬಂದ, ಬಾಲಗಾಂವದಿಂದ ದಾಳಿಂಬರ ತಂದಾನ, ಕಾಲು ಹೆಂಗೈತಿ ನಂದಾ ಅಂದ, ಮೊದಲ ಬಾಗಲಾ ಹಾಕು ಅಂದೆ, ಹಾಕಿದ, ಟಿವಿ ಚಲೋ ಕಾಣಾಕತ್ತು, ಕುಂದ್ರು, ಇಲ್ಲಿ ನೋಡು ಅಂದೆ, ಹಿಂದಕ ಒಯ್ದು ಬಿಟ್ಟೆ, ಮಾಸ್ತರ ಇಳದ, ನಡದ, ಮಂದಿ, ಹಸರ ಸೀರಿ, ಏನ ನೋಡಬೇಕು ಅಂದ ಅಣ್ಣ, ಯಾವದೀ ಊರು. ಗುರ್ತ ಹಿಡೀಲಿಲ್ಲ. ಮತ್ತ ಹಚ್ಚಿದೆ. ಆಕಿ ತಿರುಗಿದ್ಳು, ನಕ್ಳು, ಅಣ್ಣ ಮುಂದ ಬಗ್ಗಿದ, ಕಣ್ಣ ಸಣ್ಣ ಮಾಡಿದ, ಈ ಸೀರಿ ವಿಜಾಪುರದಾಗ ನಾ ತಂದದ್ದು ಅಂದ, ಸೀರಿ ಗುರ್ತ ಹತ್ತಿತು ಅವಗ ಮೊದಲ, ಆಮ್ಯಾಲ ಮಾರಿ. ಹಗೂರಕ ಕೇಳಿದ, ಆಕಿ ಹಿಂಗ ನಗತಿದ್ಳೇನು. ನಗತಿದ್ಳು ಅಣ್ಣ, ನಮ್ಮ ಮುಂದ ನಗತಿದ್ಳು, ನೀವೆಲ್ಲಾ ಇದ್ದಾಗ ಬಾಯಿಗೆ ಸೆರಗ ಹಿಡೀತಿದ್ಳು ಅಂದೆ. ಹೂಂ ಅಂದ. ಇನ್ನೊಮ್ಮೆ ಹಚ್ಚು ಅಂದ. ಇನ್ನೊಮ್ಮೆ. ದಾಳಿಂಬರ ಚೀಲಾ ತೊಡಿ ಮ್ಯಾಲ ಹಂಗ ಐತಿ, ಇಳಸಿಲ್ಲ. ಸೃಷ್ಟಿಗೆ ಹೇಳೀಯೇನು ಅಂದ, ಇಲ್ಲ ಅಂದೆ, ನೀನ ಹೇಳು ಅಂದ, ನನ್ನ ಕೈಲೆ ಆಗಂಗಿಲ್ಲ, ಇಂದ್ರಾಗ ನಾ ಹೇಳತೀನಿ, ಆಕಿ ಏನೂ ಅನ್ನಂಗಿಲ್ಲ, ಆಕಿನ ದಿನಾ ಆ ಫೋಟೋ ಒರಸತಾಳ. ಅಷ್ಟಂದು ಮುಂದಿನ ಖೋಲಿಗೆ ಹೋಗಿ ಕುಂತ, ನಾ ಸೃಷ್ಟಿಗೆ ಫೋನ್ ಹಚ್ಚಿದೆ, ಅತ್ತಿ ಸಿನಿಮಾ ನೋಡಿದ್ರ್ಯಾ, ಹೆಂಗಿತ್ತು, ಮಾಸ್ತರ ಅಳೂದು ಎಷ್ಟ ಚಲೋ ತಗದಾರ ಅಲ್ಲರೀ, ನೋಡಿದೆವ್ವ, ಆ ಸಂತಿ ಸೀನ್ ನೀ ಮತ್ತೊಮ್ಮೆ ನೋಡು ಅಂದೆ, ಅದ್ರಾಗ ಏನೈತಿ ಅತ್ತಿ ಅಂದ್ಳು, ಬಳಿ ಅಂಗಡಿ ಮುಂದ ಹಸರ ಸೀರಿಯಾಕಿ ಅದಾಳ ನೋಡು, ಬಗಲಾಗ ಕೂಸು ಅಂದೆ, ಅಯ್ಯ, ಕ್ಯಾಮೆರಾ ನೋಡಕೋತ ನಿಲ್ಲತಾಳಲ್ಲ, ಆಕಿನೇನ್ರಿ, ರೂಮಿನ್ಯಾಗ ನಾವೆಲ್ಲಾ ಆಕಿನ್ನ ನೋಡಿ ಎಷ್ಟ ನಕ್ಕೀವಿ — ಸೃಷ್ಟಿ, ಆಕಿ ನಿನ್ನ ಹಡದಾಕಿ. ಆ ಕೂಸು ನೀನು. ಆ ಕಡೆ ಸಾಂಗ್ಲ್ಯಾಗ ಯಾವದೋ ಮೋಟಾರ ಹಾರ್ನ್ ಹೊಡೀತು. ಫೋನ್ ಇಡಬ್ಯಾಡ್ರಿ ಅತ್ತಿ ಅಂದ್ಳು, ಏನೋ ತಗದ ಸಪ್ಪಳ, ಆಮ್ಯಾಲ ಸಂತಿ ಗದ್ದಲ ಕೇಳಸ್ತು, ಬಸ್ಸು, ಬಳಿ ಮಾರಾಂವ, ನಿಂತಿತು, ಮತ್ತ ಅದ ಬಸ್ಸು, ಅದ ಬಳಿ ಮಾರಾಂವ, ನಿಂತಿತು, ಮತ್ತ. ಅಳಾಕತ್ತಾಳೇನು ಅಂತ ಕಿವಿಗೊಟ್ಟೆ, ಅಳೂ ಸಪ್ಪಳಿಲ್ಲ, ಉಸರ ಅಷ್ಟ. ಆಮ್ಯಾಲ ಅಂದ್ಳು, ಅತ್ತಿ, ನನ್ನ ಮಾರಿ ತಿರುಗಿಸಿ ಆಕಿ ಏನೋ ಅಂತಾಳ, ತುಟಿ ಅಲಗ್ಯಾವ ನೋಡ್ರಿ, ಏನಂತಾಳರೀ. ತುಟಿ ನಾ ನೋಡೇ ಇರಲಿಲ್ಲ. ಹಿಂದಕ ಒಯ್ದೆ, ಖರೆ, ಅಂತಾಳ ಏನೋ, ತುಟಿ ತೆರದು, ಕೂಡಿ, ಮತ್ತ ತೆರದು, ಸಿನಿಮಾದವರು ಆ ಮಾತಿನ ಮ್ಯಾಲ ಬಳಿ ಮಾರಾಂವನ ದನಿ ಹಾಕ್ಯಾರ, ಅದರ ಕೆಳಗ ಏನೂ ಕೇಳಂಗಿಲ್ಲ, ನಾ ಬಾಜೂಕ ನಿಂತಿದ್ದೆ, ನನ್ನ ಬಳಿ ಆಕಿ ಸೆರಗಿಗೆ ತಾಕೈತಿ, ಅಷ್ಟ ಸಮೀಪ ಇದ್ದೆ, ಕೇಳೀನಿ, ಕೇಳಿರಲಾಕ ಬೇಕು, ಕೂಸಿನ ಹೆಸರ ಕರದಿದ್ಳೇನು, ಅಲ್ಲಿ ನೋಡು ಅಂದಿದ್ಳೇನು, ನೆನಪಿಲ್ಲ, ಟೊಪಗಿಯಾಂವನ ಮಾತು ನೆನಪೈತಿ, ಮೆಣಸಿನಕಾಯಿ ಘಾಟು ನೆನಪೈತಿ, ಅದೊಂದಿಲ್ಲ, ಅತ್ತಿ ಅಂತ ಫೋನಿನ್ಯಾಗ ಕರ್ಯಾಕತ್ತಾಳ, ಅತ್ತಿ ಹೇಳ್ರಿ, ಇನ್ನೊಮ್ಮೆ ನೋಡತೀನಿ ತಡಿ ಅಂದೆ, ಆಕಿ ನಿಂತ್ಳು, ತಿರುಗಿದ್ಳು, ಕೂಸಿನ ಗದ್ದಾಕ ಎರಡು ಬೆರಳು ಹಚ್ಚಿದ್ಳು, ತುಟಿ ತೆರದ್ಳು