ಏಣಿಯ ಬುಡದ ಚಪ್ಪಲಿ

ಟ್ಯಾಂಕಿನ ಮುಚ್ಚಳ ಬಿದ್ದ ಸದ್ದಿಗೆ, ಒಳಗೆ ಬೆಸುಗೆಗೆ ಬಣ್ಣ ಬಳಿಯುತ್ತಿದ್ದ ಬಸಲಿಂಗನ ಕೈಯ ಬ್ರಶ್ ಜಾರಿತು. "ಅಣ್ಣಾರ, ನಾ ಒಳಗದೀನ್ರೀ!" ಎಂದು ಕೂಗಿದ. ಹೊರಗೆ ನೀರು ತುಂಬುವ ಪಂಪಿನ ಎಂಜಿನ್ ಶುರುವಾಗಿತ್ತು. ಅವನ ಕೂಗು ಅವನ ಕಿವಿಗೇ ಬಡಿಯಿತು.

ವಾಯುಪಡೆಯ ವಿಮಾನ ನಿಲ್ದಾಣಕ್ಕೆಂದು ಬೊಮ್ಮಸಂದ್ರದ ಆ ಶೆಡ್ಡಿನಲ್ಲಿ ತಯಾರಾಗುತ್ತಿದ್ದ ಮೊದಲ ಅಗ್ನಿಶಾಮಕ ಗಾಡಿ ಅದು. ಹೋದ ತಿಂಗಳು ಓಡಿಸಿ ನೋಡಿದಾಗ ತಿರುವಿನಲ್ಲಿ ನೀರೆಲ್ಲ ಒಂದೇ ಮಗ್ಗುಲಿಗೆ ನುಗ್ಗಿ, ಗಾಡಿ ಮಗುಚುವುದೊಂದು ಬಾಕಿಯಿತ್ತು. ಅದಕ್ಕೇ ಟ್ಯಾಂಕಿನೊಳಗೆ ಅಡ್ಡತಗಡು ಕೂರಿಸಿದರು. ಒಂದು ಖಾನೆಯಿಂದ ಇನ್ನೊಂದಕ್ಕೆ ನಾಯಿ ನುಸುಳುವಷ್ಟು ಕಿಂಡಿ. ಬೆಸುಗೆ ಹಾಕಿದವನು ಬಸಲಿಂಗನೇ. ತಾನೇ ಮಾಡಿದ ಬೋನಿಗೆ ತಾನೇ ಬಿದ್ದಿದ್ದ.

ಒಳಗಿನ ಬಣ್ಣ ಕೆಡಬಾರದೆಂದು ಬರಿಗಾಲಲ್ಲೇ ಇಳಿಯಬೇಕು. ಏಣಿಯ ಬುಡದಲ್ಲಿ ಚಪ್ಪಲಿ ಇದ್ದರೆ ಒಳಗೆ ಆಳು ಇದ್ದಾನೆಂದು ಅರ್ಥ, ಮುಚ್ಚಳ ಮುಟ್ಟುವಂತಿಲ್ಲ. ಗೋಡೆಗೆ ಅಂಟಿಸಿದ ರೂಲ್ಸು ಸಾವಿರವಿದ್ದರೂ ಎಲ್ಲರೂ ನಂಬಿದ್ದು ಇದೊಂದನ್ನೇ. ಬಸಲಿಂಗ ಚಪ್ಪಲಿ ಬಿಟ್ಟೇ ಇಳಿದಿದ್ದ.

ಕಾಲಿಗೆ ನೀರು ತಾಕಿತು. ಕಿಂಡಿಯಿಂದ ಕಿಂಡಿಗೆ ತೆವಳಿ ಮುಚ್ಚಳದ ಕೆಳಗೆ ಬರುವಷ್ಟರಲ್ಲಿ ಸೊಂಟ ಮುಳುಗಿತ್ತು. ತಗಡನ್ನು ಗುದ್ದಿ ಗುದ್ದಿ ಗೆಣ್ಣು ಒಡೆಯಿತು. ಊರಿನ ಬಾವಿಯಲ್ಲಿ ಈಜಿ ಬೆಳೆದವನಿಗೆ ನೀರಿನ ಭಯವಿರಲಿಲ್ಲ. ಆದರೆ ಇಲ್ಲಿ ಮೇಲಕ್ಕೆ ಬಂದರೂ ಉಸಿರಾಡಲು ಜಾಗವಿಲ್ಲ. ಮಗಳ ಹೆಸರು ಹಿಡಿದು ಅತ್ತ.

ನೀರು ಎದೆಮಟ್ಟ ಬಂದಾಗ ಎಂಜಿನ್ ನಿಂತಿತು. ಮುಚ್ಚಳ ನಾಲ್ಕು ಬೆರಳು ಸರಿದು ಸೂಪರ್‌ವೈಸರ್ ಶಶಿಕುಮಾರನ ಮುಖ ಕಂಡಿತು. ಕೆಳಗಿನಿಂದ ಕಸ ಗುಡಿಸುವ ಚಿಕ್ಕಮುನಿಯಮ್ಮನ ದನಿ: "ಆಫೀಸರ್ ಬತ್ತಾರೆ, ಚಪ್ಲಿಗಳ್ನೆಲ್ಲ ಎತ್ತಾಕು ಅಂದ್ರಿ, ಎತ್ತಾಕ್ದೆ ಸಾರ್. ಊಟಕ್ಕೆ ಎಲ್ರೂ ಅವ್ರವ್ರದು ಆಕ್ಕೊಂಡೋದ್ರು. ಇದೊಂದ್ ಜೊತೆ ಉಳ್ಕೊಂತು..."

"ಬಾಯ್ಮುಚ್ಚು!" ಎಂದ ಶಶಿಕುಮಾರ್ ಸಂದಿಗೆ ಬಾಯಿಟ್ಟು ಪಿಸುಗುಟ್ಟಿದ: "ಗುರು, ಗಾಡಿ ನೋಡಕ್ಕೆ ಏರ್‌ಫೋರ್ಸ್‌ನೋರು ಗೇಟ್ ಹತ್ರ ಬಂದ್ಬಿಟ್ಟವ್ರೆ. ನೀನು ಹಿಂಗೆ ಆಚೆ ಬಂದ್ರೆ ಆರ್ಡರ್ ಹೋಗುತ್ತೆ, ಎಲ್ರ ಕೆಲ್ಸಾನೂ ಹೋಗುತ್ತೆ. ಹತ್ತೇ ನಿಮಿಷ. ಉಸಿರೆತ್ಬೇಡ."

ಸಾವಿನ ಬಾಯಿಂದ ಬಂದವನಿಗೂ ಕೆಲಸದ ಭಯ ಬಿಟ್ಟಿರಲಿಲ್ಲ. ಬಸಲಿಂಗ ಆಗಲೆಂದು ತಲೆಯಾಡಿಸಿದ. ಶಶಿಕುಮಾರ್ ಮುಚ್ಚಳವನ್ನು ಮತ್ತೆ ಎಳೆದು, ಒಂದು ಬೆರಳಿನ ಸಂದಿ ಉಳಿಸಿ ಕೆಳಗಿಳಿದ.

ಬೂಟುಗಳ ಸದ್ದು ಹತ್ತಿರವಾಯಿತು. ಬಸಲಿಂಗ ಸಂದಿಗೆ ಕಣ್ಣಿಟ್ಟ; ಮುಚ್ಚಳ ಟ್ಯಾಂಕಿನ ಅಂಚಿನಲ್ಲೇ ಇದ್ದುದರಿಂದ ಏಣಿಯ ಬುಡ ಕಾಣುತ್ತಿತ್ತು. ಚಿಕ್ಕಮುನಿಯಮ್ಮ ಸೆರಗಿನಡಿಯಿಂದ ಅವನ ಚಪ್ಪಲಿ ತೆಗೆದು, ಏಣಿಯ ಬುಡದಲ್ಲಿ ಜೋಡಿಸಿಟ್ಟು, ಪಕ್ಕದಲ್ಲೇ ನಿಂತುಬಿಟ್ಟಳು. ಶಶಿಕುಮಾರ್ ಕಣ್ಣು ಕೆಕ್ಕರಿಸಿದ. ಅವಳು ಅತ್ತ ನೋಡಲೇ ಇಲ್ಲ.

ಬೂಟುಗಳು ನಿಂತವು.

"ಯಾರದಮ್ಮ ಈ ಚಪ್ಪಲಿ?" ಪರಿಚಯವಿಲ್ಲದ ದನಿಯೊಂದು ಕೇಳಿತು.

ಅವಳು ಪೊರಕೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ತಲೆಯೆತ್ತಿ ಮುಚ್ಚಳದ ಕಡೆ ನೋಡಿದಳು.