ಎಲ್ಲಕ್ಕೂ ಹತ್ತು ನಿಮಿಷ

ಒಂದು ಪದ ಬಿಟ್ಟುಬಿಟ್ಟೆನೇನೋ ಎಂಬ ಭಯ. ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ, ಡೈರಿಗೆ ಮಾತ್ರ ಹೇಳಿಕೊಂಡಿದ್ದೆ.

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯ ಸಕ್ಕರೆ ಕಾರ್ಖಾನೆಯಲ್ಲಿ ನನಗೆ ಕೆಲಸ. ಕಬ್ಬು ಇಳಿಸಲು ಎರಡು ಗೇಟು ಬೇಕೋ, ಒಂದು ಸಾಕೋ ಎಂದು ತಿಳಿಯಲು ಎಪ್ಪತ್ತೆಂಟರಲ್ಲಿ ಸಿಮ್ಯುಲಾ ಭಾಷೆಯಲ್ಲಿ ಪ್ರೋಗ್ರಾಂ ಬರೆದೆ. ಬೆಂಗಳೂರಿನ ಕಂಪ್ಯೂಟರು ಒಂದು ಸಾಕು ಎಂದಿತು. ನಮ್ಮ ಮೇಲಧಿಕಾರಿ ಯೋಗಾನರಸಿಂಹ ಎರಡನೆಯ ಗೇಟಿಗೆ ಬೀಗ ಹಾಕಿಸಿದರು. ಈಗ ಗಾಡಿಗಳ ಸಾಲಿಗೆ ಕೊನೆಯೇ ಕಾಣುತ್ತಿಲ್ಲ.

ಬೆಳಿಗ್ಗೆ ಪ್ರೋಗ್ರಾಮಿನ ಪ್ರತಿ ತೆಗೆದು ನೋಡಿದೆ. ‘ವಾಹನ’ ಎಂಬುದೊಂದು ವರ್ಗ, ಅದರ ಕೆಳಗೆ ಲಾರಿ, ಎತ್ತಿನ ಗಾಡಿ. ‘ಇಳಿಸು’ ಎಂಬ ಕೆಲಸ ಮೂರರಲ್ಲೂ ಇದೆ. ವಾಹನಕ್ಕೆ ಹತ್ತು ನಿಮಿಷ ಎಂದು ಬರೆದಿದ್ದೆ, ಗಾಡಿಗೆ ನಲವತ್ತು. ಆದರೆ ಪ್ರೋಗ್ರಾಮಿನೊಳಗಿನ ಗೇಟಿಗೆ ಗೊತ್ತಿರುವುದು ಎದುರು ನಿಂತದ್ದು ಯಾವುದೋ ವಾಹನ ಎಂದಷ್ಟೇ. ವಾಹನದ ‘ಇಳಿಸು’ವಿಗೆ ‘ವರ್ಚುಯಲ್’ ಎಂಬ ಪದ ಸೇರಿಸಿದ್ದಿದ್ದರೆ, ‘ಇಳಿಸು’ ಎಂದ ಗಳಿಗೆಯಲ್ಲೇ ಯಂತ್ರ ಎದುರಿಗಿದ್ದುದನ್ನು ನೋಡಿ, ಗಾಡಿಯಾದರೆ ಗಾಡಿಯ ನಲವತ್ತು ನಿಮಿಷವನ್ನೇ ಲೆಕ್ಕ ಹಿಡಿಯುತ್ತಿತ್ತು. ಆ ಪದ ಇಲ್ಲ. ಒಂದು ಗಾಡಿಯೂ ಬರುವ ಮೊದಲೇ, ಯಂತ್ರ ಪ್ರೋಗ್ರಾಂ ಓದುವಾಗಲೇ ತೀರ್ಮಾನವಾಗಿಹೋಗಿದೆ: ಯಾರೇ ಬರಲಿ, ಹತ್ತು ನಿಮಿಷ. ನಾನು ಬರೆದ ನಲವತ್ತು ನಿಮಿಷವನ್ನು ಯಂತ್ರ ಕೇಳಲೇ ಇಲ್ಲ.

ಹೇಳಿದರೆ ಕೆಲಸ ಹೋಗುತ್ತದೆ. ಹೇಳದಿದ್ದರೆ ಎರಡನೆಯ ಗೇಟು ತೆರೆಯುವುದಿಲ್ಲ. ಊಟದ ಡಬ್ಬಿ ಬಿಚ್ಚಲಾಗಲಿಲ್ಲ.

ಮಧ್ಯಾಹ್ನ ಫೈಲು ಹಿಡಿದು ಯೋಗಾನರಸಿಂಹರ ಹಿಂದೆ ಗೇಟಿಗೆ ಹೋದೆ. ಆತಗೂರಿನ ಚಿಕ್ಕಬೋರಯ್ಯನ ಎತ್ತೊಂದು ನೊಗದಲ್ಲೇ ಕುಸಿದು ಸತ್ತಿತ್ತು. ಅವನು ಅದರ ಕೊರಳಿನ ಹಗ್ಗ ಬಿಚ್ಚುತ್ತಿದ್ದ.

“ಮೂರ್ ದಿನ ಆಯ್ತು ಬುದ್ದಿ, ಬಿಸ್ಲಲ್ಲಿ. ಆ ಗೇಟೂ ತೆಗ್ಸಿ.”

“ಒಂದೇ ಸಾಕು ಅಂತ ಕಂಪ್ಯೂಟರೇ ಹೇಳಿದೆ ಕಣಯ್ಯ,” ಎಂದರು ಯೋಗಾನರಸಿಂಹ.

ಹಿಂದಿನ ಗಾಡಿಯಿಂದ ಮುದ್ದಯ್ಯ ಕೂಗಿದ: “ಅದ್ಯಾವನ್ಲಾ ಬೋರ, ಕಂಪ್ಯೂಟ್ರಯ್ಯ? ಬರೇಳ್ಲಾ, ಒಂದ್ ಗಾಡಿ ಕಬ್ ಇಳ್ಸ್ಲಿ ನೋಡುವ!”

ಸಾಲಿನಲ್ಲಿ ನಗು ಎದ್ದಿತು. ಚಿಕ್ಕಬೋರಯ್ಯ ನಗಲಿಲ್ಲ. ನನ್ನ ಕಡೆ ತಿರುಗಿ, “ಓದ್ದೋಳು, ನೀನಾದ್ರೂ ಯೋಳವ್ವ. ನಾನೇನ್ ತೆಪ್ ಮಾಡ್ದೆ?” ಎಂದ.

“ಆಯಮ್ಮನ್ನ ಯಾಕಯ್ಯ ಕೇಳ್ತೀಯ? ಪಾಪ, ಬಾಯೇ ಬಿಡಲ್ಲ,” ಎಂದರು ಯೋಗಾನರಸಿಂಹ.

ಎತ್ತಿನ ಮೂಗಿನ ಮೇಲೆ ನೊಣಗಳು ಕೂತಿದ್ದವು. ಫೈಲನ್ನು ಯೋಗಾನರಸಿಂಹರ ಕೈಗೆ ಕೊಟ್ಟೆ.

“ಕಂಪ್ಯೂಟರು ಹೇಳಿದ್ದಲ್ಲ ಸಾರ್,” ಎಂದೆ. “ನಾನು ತಪ್ಪು ಬರೆದದ್ದು.”